ಹವ್ಯಾಸದ ಬಟ್ಟಲು, ಹೊಟ್ಟೆಪಾಡಿನ ಉಳಿ

ಪಟ್ಟಣದ ಉಳ್ಳವರಿಗೆ ಈಗ ಹೊಸ ಹವ್ಯಾಸ ಬಂದಿದೆ. ಭಾನುವಾರ ಲೇತಿನ ಮುಂದೆ ನಿಂತು ಮರದ ಬಟ್ಟಲು ಕಡೆಯೋದನ್ನ ಕಲಿಯುತ್ತಾರೆ. ಮನಸ್ಸಿಗೆ ಶಾಂತಿಯಂತೆ. ಕಲೀಲಿ, ಮೈ ಬಗ್ಗಿಸೋದು ಯಾರಿಗೂ ಕೆಟ್ಟದ್ದಲ್ಲ. ಆದರೆ ಕಸುಬಿನವರ ಮಕ್ಕಳಾದ ನಮ್ಮದೊಂದು ಪ್ರಶ್ನೆ: ಅದೇ ಉಳಿ, ಅದೇ ಮರ, ಒಬ್ಬನ ಕೈಯಲ್ಲಿ ಕಲೆ, ಇನ್ನೊಬ್ಬನ ಕೈಯಲ್ಲಿ ಕೂಲಿ ಆಗಿದ್ದು ಹೇಗೆ?

ಚನ್ನಪಟ್ಟಣಕ್ಕೆ ಹೋಗಿ ನೋಡಿ. ಹಾಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ಅದಕ್ಕೆ ರೂಪ ಕೊಡುತ್ತದೆ. ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಆ ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಗರಿಯಿಂದ ಉಜ್ಜಿದರೆ ಹೊಳಪು. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಅನ್ನೋ ವಿದ್ಯೆ ಇರೋದು ಆ ಬೆರಳುಗಳಲ್ಲಿ. ಮುಸ್ಲಿಮರ ಬೆರಳು, ಹೆಂಗಸರ ಬೆರಳು, ಬಡವರ ಬೆರಳು. ಆ ಬೆರಳಿನವರನ್ನೇ ನಮ್ಮ ಸಮಾಜ ಅವಿದ್ಯಾವಂತರು ಅಂತ ಕರೆದಿದೆ!

ಹವ್ಯಾಸ ಅಂದರೆ ಆಯ್ಕೆ. ಬೇಜಾರಾದರೆ ಬಿಡಬಹುದು. ಬಟ್ಟಲು ಸೀಳಿದರೆ ನಕ್ಕು ಇನ್ನೊಂದು ತುಂಡು ಹಿಡೀಬಹುದು. ಕಸುಬಿನವನ ಬಟ್ಟಲು ಸೀಳಿದರೆ ಆ ಹೊತ್ತಿನ ಗಂಜಿಗೇ ಕುತ್ತು. 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಎತ್ತಿದ ತಕರಾರು ಇದೇ: ಜಾತಿ ಮನುಷ್ಯನ ಒಲವನ್ನು ಕೇಳುವುದಿಲ್ಲ, ಹುಟ್ಟು ನೋಡಿ ಕಸುಬು ಹೊರಿಸುತ್ತದೆ. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ, ಅರ್ಧ ದಿನ ಶಾಲೆ, ಇನ್ನರ್ಧ ದಿನ ಅಪ್ಪನ ಕಸುಬು ಅಂದರು. ಜನ ತಿರುಗಿಬಿದ್ದರು. 1954ರಲ್ಲಿ ಆ ಯೋಜನೆ ಮಣ್ಣು ಮುಕ್ಕಿತು. ಜನ ತಿರುಗಿಬಿದ್ದದ್ದು ಉಳಿಯ ಮೇಲಲ್ಲ, ಉಳಿಗೆ ಕಟ್ಟಿದ ಹಗ್ಗದ ಮೇಲೆ.

ನಮ್ಮ ತಪ್ಪೂ ಇದೆ, ಗೆಳೆಯರೆ. ಮಕ್ಕಳ ಕೈಯಿಂದ ಉಳಿ ಕಿತ್ತು ಪೆನ್ನು ಕೊಟ್ಟೆವು. ಕೊಡಲೇಬೇಕಿತ್ತು. ಆದರೆ ಹಾಗೆ ಕೊಡುವಾಗ, ಕೂತು ಉಂಡವರು ಕಲಿಸಿದ ಅಸಹ್ಯವನ್ನೂ ಜೊತೆಗೆ ಕೊಟ್ಟುಬಿಟ್ಟೆವಲ್ಲ! ಅಪ್ಪನ ಕೈಯ ಗಂಟು ಕಂಡರೆ ಓದಿದ ಮಗನಿಗೆ ಇವತ್ತು ನಾಚಿಕೆ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಗೊಂದು ಲೇತು ಕೇಳಿ. ಕಡೆಯುವವನನ್ನು ಕರೆಸಿ, ಸಂಬಳ ಕೊಡಿಸಿ, ಕುರ್ಚಿ ಹಾಕಿ ಗುರುವೆನ್ನಿ. ಊರಗೌಡರ ಮಗ ಸಿಬರು ಗುಡಿಸಲಿ, ಕೇರಿಯ ಹುಡುಗಿ ಉಳಿ ಹಿಡೀಲಿ. ಬೇಡವೆಂದರೆ ಬಿಟ್ಟು ಹೋಗುವ ಹಕ್ಕು ಇಬ್ಬರಿಗೂ ಇರಲಿ. ಹೋಟೆಲಿನ ಹೊರಗೆ ನಿಂತು ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದ ಜನ ನಾವು. ಬಟ್ಟಲಿನ ಬೆಲೆ ನಮಗೆ ಗೊತ್ತು. ಆ ಮಕ್ಕಳು ಕಡೆದ ಒಂದೇ ಬಟ್ಟಲಲ್ಲಿ ಇಬ್ಬರೂ ಉಣ್ಣಲಿ. ಆವತ್ತು ಅದನ್ನು ಹವ್ಯಾಸ ಅನ್ನಿ. ನಾವೂ ಬರ್ತೀವಿ, ಕಲಿಯೋದಕ್ಕೆ.