ಕರಡಿಗೂ ಚಿರತೆಗೂ ಬಿದ್ದರೆ

ಕರಡಿಗೂ ಚಿರತೆಗೂ ಬಿದ್ದರೆ ಗೆಲ್ಲುವುದು ಯಾವುದು? ಜಗಳೂರು ತಾಲ್ಲೂಕಿನ ಸೊಕ್ಕೆಯಂಥ ಕಡೆ ಇದು ಬರೀ ಹೊತ್ತು ಕಳೆಯುವ ಪ್ರಶ್ನೆಯಲ್ಲ. ಮಳೆ ಕಡಿಮೆಯ ಸೀಮೆ ಇದು. ಮೆಕ್ಕೆಜೋಳದ ಹೊಲಗಳು ಮುಗಿದಲ್ಲಿ ಬಂಡೆ, ಮುಳ್ಳುಕಂಟಿ, ಹುತ್ತಗಳ ಕುರುಚಲು ಕಾಡು. ಇದೇ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಸುಮಾರು 77 ಚದರ ಕಿಲೋಮೀಟರ್ ಅರಣ್ಯವನ್ನು 2011ರಲ್ಲಿ ಕೊಂಡುಕುರಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಕರಡಿ, ಚಿರತೆ ಎರಡೂ ಈ ಸೀಮೆಯವೇ. ತೂಕ ನೋಡಿ ತೀರ್ಪು ಕೊಡುವವರು ಕರಡಿ ಅನ್ನುತ್ತಾರೆ, ಚುರುಕು ನೋಡುವವರು ಚಿರತೆ ಅನ್ನುತ್ತಾರೆ. ವಾದ ಮುಗಿಯುವುದಿಲ್ಲ.

ಇಂಥ ಪ್ರಶ್ನೆಗಳನ್ನು ಮಕ್ಕಳಾಟವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಉತ್ತರ ಹುಡುಕಲು ಹೊರಟವನು ಪ್ರಾಣಿಯ ಹಲ್ಲು, ಉಗುರು, ತೂಕ, ಹೊಟ್ಟೆಪಾಡು ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗುತ್ತದೆ. ನನ್ನ ತಕರಾರು ಇರುವುದು ಪ್ರಶ್ನೆಯೊಳಗೆ ಸದ್ದಿಲ್ಲದೆ ಕೂತಿರುವ ಒಂದು ನಂಬಿಕೆಯ ಬಗ್ಗೆ: ಎರಡೂ ಪ್ರಾಣಿಗಳಿಗೆ ಬೇಕಾದ ಗೆಲುವು ಒಂದೇ ಎಂಬ ನಂಬಿಕೆ.

ಮೊದಲು ಲೆಕ್ಕವನ್ನೇ ನೋಡೋಣ. ಗಂಡು ಕರಡಿ 80ರಿಂದ 145 ಕಿಲೋ ತೂಗುತ್ತದೆ. ನಮ್ಮ ಗಂಡು ಚಿರತೆ ಸಾಮಾನ್ಯವಾಗಿ 50ರಿಂದ 70. ಆದರೆ ಈ ದೊಡ್ಡ ಮೈಯ ಜೀವನೋಪಾಯ ಗೆದ್ದಲು, ಇರುವೆ, ಹಣ್ಣು, ಜೇನು. ಕರಡಿಯ ಮೇಲ್ದವಡೆಯಲ್ಲಿ ನಡುವಿನ ಎರಡು ಬಾಚಿಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಅದು ಗೆದ್ದಲನ್ನು ಹೀರುವುದು. ಹೀರುವಾಗ ಮಣ್ಣು ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳಲೂ ಬಲ್ಲದು. ಉದ್ದುದ್ದ ಉಗುರು ಬೆಳೆದಿರುವುದು ಗಟ್ಟಿ ಹುತ್ತ ಒಡೆಯಲು, ಆದರೆ ಎದುರಾಳಿಯ ಮುಖ ಕಿತ್ತುಹಾಕಲೂ ಅವೇ ಸಾಕು. ಚಿರತೆಯ ವಿದ್ಯೆ ಹೊಂಚುವುದು, ಹಾರುವುದು, ಕುತ್ತಿಗೆ ಹಿಡಿದು ಉಸಿರು ಕಟ್ಟಿಸುವುದು. ಎದುರಿಗೆ ನಿಂತು ಆರ್ಭಟಿಸುವ, ಕತ್ತಿನ ಸುತ್ತ ಜಡೆಗಟ್ಟಿದ ಕೂದಲಿರುವ ಪ್ರಾಣಿಯ ಮುಂದೆ ಆ ವಿದ್ಯೆ ನಡೆಯುವುದು ಕಷ್ಟ. ಹೀಗಾಗಿ ಬೆಳೆದ ಕರಡಿ ಎದುರಾದರೆ ದಾರಿ ಬಿಡುವುದು ಹೆಚ್ಚಾಗಿ ಚಿರತೆಯೇ. ಹಾಗಾದರೆ ಕರಡಿ ಗೆದ್ದಿತೆ? ಚಿರತೆಗೆ ಬೇಕಿದ್ದದ್ದು ರಾತ್ರಿಯ ಊಟ. ಅದು ಪಕ್ಕದ ಹಟ್ಟಿಯ ನಾಯಿಯಲ್ಲೋ ಕಾಡಿನ ಮೊಲದಲ್ಲೋ ಸಿಕ್ಕರೆ ಅದು ಸೋತಿದ್ದಾದರೂ ಏನು?

ಪ್ರಾಣಿಗಳನ್ನು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ನಿಲ್ಲಿಸುವ ಚಪಲ ನಮ್ಮಲ್ಲಿ ಹಳೆಯದು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಇದರದೇ ಒಂದು ಕೆತ್ತನೆ ಇದೆ. ಜಿಂಕೆಯನ್ನು ಹಿಡಿದ ಹೆಬ್ಬಾವು, ಅದನ್ನು ಎತ್ತುವ ಆನೆ, ಆನೆಯ ಮೇಲೆರಗುವ ಸಿಂಹ, ಸಿಂಹವನ್ನು ನುಂಗುವ ಶರಭ, ಶರಭನನ್ನು ಸೀಳುವ ಗಂಡಭೇರುಂಡ. ಇದಕ್ಕೂ ಹಿಂದೆ, 1047ರಲ್ಲೇ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಚಾವುಂಡರಾಯರಸ ಗಂಡಭೇರುಂಡದ ಕಂಬ ನಿಲ್ಲಿಸಿದ್ದ. ಇಂದು ಅದೇ ಹಕ್ಕಿ ನಮ್ಮ ರಾಜ್ಯ ಲಾಂಛನದ ನಡುವೆ ಕೂತಿದೆ. ನನಗೆ ಕುತೂಹಲಕರವಾಗಿ ಕಾಣುವುದು ಬೇಲೂರಿನ ಶಿಲ್ಪಿಯ ಫಜೀತಿ. ನಿಜವಾದ ಪ್ರಾಣಿಗಳು ಸಿಂಹಕ್ಕೇ ಮುಗಿದವು. ಏಣಿಗೆ ತುದಿ ಬೇಕೆಂದರೆ ಎಲ್ಲಿಯೂ ಇಲ್ಲದ ಎರಡು ಜೀವಿಗಳನ್ನು ತರಬೇಕಾಯಿತು. ಕಾಡಿನಲ್ಲಿ ಆ ತುದಿ ಇಲ್ಲ, ಏಕೆಂದರೆ ಅಲ್ಲಿ ಏಣಿಯೇ ಇಲ್ಲ.

ಕಲ್ಪನೆಯ ಕಾಳಗವನ್ನು ನಿಜವಾಗಿ ಆಡಿಸಿ ನೋಡಿದ ದೊರೆಗಳೂ ಇದ್ದರು. ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗವೊಂದು ಗೋವೆಯಿಂದ ಹಡಗೇರಿ ಲಿಸ್ಬನ್ ತಲುಪಿತು. ಆನೆಗೂ ಘೇಂಡಾಮೃಗಕ್ಕೂ ಹುಟ್ಟುವೈರ ಎಂದು ರೋಮಿನ ಪ್ಲಿನಿ ಬರೆದದ್ದು ಹೌದೇ ಎಂದು ಪರೀಕ್ಷಿಸಲು ಪೋರ್ಚುಗಲ್ಲಿನ ದೊರೆ ಮನುಯೆಲ್ 1515ರ ಜೂನ್ 3ರಂದು ಎರಡನ್ನೂ ಎದುರುಬದುರು ಬಿಡಿಸಿದ. ಜನ ಗದ್ದಲ ಮಾಡುತ್ತಿದ್ದರು. ಘೇಂಡಾ ನಿಧಾನಕ್ಕೆ ಮುಂದೆ ಬಂತು, ಆನೆ ಓಡಿಹೋಯಿತು. ಹೊಡೆದಾಟ ಆಗಲೇ ಇಲ್ಲ. ಘೇಂಡಾ ಗೆದ್ದಿತೆಂದು ಅಂದು ತೀರ್ಮಾನವಾಯಿತು. ನನ್ನನ್ನು ಕೇಳಿದರೆ ಅಲ್ಲಿ ಬುದ್ಧಿ ಇದ್ದದ್ದು ಆನೆಗೆ.

ಓಡುವುದು ಬುದ್ಧಿವಂತಿಕೆ ಯಾಕೆಂದರೆ ಕಾಡಿನಲ್ಲಿ ಆಸ್ಪತ್ರೆ ಇಲ್ಲ. ಒಂಟಿಯಾಗಿ ಬೇಟೆಯಾಡುವ ಹುಲಿಗೋ ಚಿರತೆಗೋ ಒಂದು ಕೋರೆಹಲ್ಲು ಮುರಿದರೆ, ಒಂದು ಪಂಜ ಕೀವುಗಟ್ಟಿದರೆ, ತಂದು ಹಾಕುವವರಿಲ್ಲ. ಜಿಮ್ ಕಾರ್ಬೆಟ್ 1944ರ ತನ್ನ ಪುಸ್ತಕದಲ್ಲಿ ಮುಕ್ತೇಸರದ ಹೆಣ್ಣುಹುಲಿಯ ಕಥೆ ಹೇಳುತ್ತಾನೆ. ಮುಳ್ಳುಹಂದಿಯೊಂದರ ಜೊತೆ ಬಿದ್ದು ಅದು ಒಂದು ಕಣ್ಣು ಕಳೆದುಕೊಂಡಿತ್ತು, ಮುಂಗಾಲಿನಲ್ಲಿ ಐವತ್ತರಷ್ಟು ಮುಳ್ಳು ನಾಟಿದ್ದವು. ಮುಂದೆ ಅದು ನರಭಕ್ಷಕವಾಯಿತು. ಮುಳ್ಳುಹಂದಿಯೆಂದರೆ ಇಲಿಯ ಬಳಗದ ಪ್ರಾಣಿ. ಯಾವ ಪಟ್ಟಿಯಲ್ಲೂ ಅದನ್ನು ಹುಲಿಯ ಮೇಲೆ ಬರೆಯುವವರಿಲ್ಲ.

ಒಂದೇ ಜಾತಿಯೊಳಗೂ ಇದೇ ಲೆಕ್ಕ ನಡೆಯುತ್ತದೆ. ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ 1973ರಲ್ಲಿ ಇದನ್ನು ಗಣಿತಕ್ಕೆ ಇಳಿಸಿದರು: ಸಿಗುವ ಲಾಭಕ್ಕಿಂತ ಗಾಯದ ನಷ್ಟ ದೊಡ್ಡದಾದರೆ, ಸದಾ ಕಾದಾಡುವ ಸ್ವಭಾವವೊಂದೇ ಜಾತಿಯಲ್ಲೆಲ್ಲ ಹರಡಿ ನೆಲೆನಿಲ್ಲಲಾರದು. ನಮ್ಮ ಕಾಟಿಗಳನ್ನು ನೋಡಿ. ಟನ್ನಿಗೆ ಹತ್ತಿರ ತೂಗುವ ಎರಡು ಹೋರಿಗಳು ಎದುರಾದರೆ ನೇರ ಗುದ್ದುವುದಿಲ್ಲ, ಅಡ್ಡಲಾಗಿ ನಿಂತು ಬೆನ್ನಿನ ಏರು, ಪಕ್ಕೆಯ ಹರವು ತೋರಿಸುತ್ತ ನಿಧಾನಕ್ಕೆ ಸುತ್ತುತ್ತವೆ. ಬಹುತೇಕ ಅಷ್ಟರಲ್ಲೇ ಒಂದು ತಲೆತಗ್ಗಿಸಿ ಹೋಗುತ್ತದೆ. ರಾಣೆಬೆನ್ನೂರಿನ ಕೃಷ್ಣಮೃಗಗಳಲ್ಲೂ ಗಂಡುಗಳು ತಲೆ ಎತ್ತಿ, ಅಕ್ಕಪಕ್ಕ ನಡೆದು ಅಳೆದುಕೊಳ್ಳುವುದೇ ಹೆಚ್ಚು.

ಹಾಗೆಂದು ಕಾಡೆಲ್ಲ ಶಾಂತಿಯ ತಾಣ ಎನ್ನಲಾರೆ. ಸರಹದ್ದಿಗಾಗಿ ಹುಲಿ ಹುಲಿಯನ್ನು ಕೊಲ್ಲುತ್ತದೆ, ಮದವೇರಿದ ಸಲಗಗಳ ತಿವಿತಕ್ಕೆ ಆನೆ ಸಾಯುವುದುಂಟು. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಟಗರಿನ ಕಾಳಗ ಕಂಡವರಿಗೆ ಬುರುಡೆ ಬುರುಡೆಗೆ ಅಪ್ಪಳಿಸುವ ಸದ್ದು ಗೊತ್ತು. ಆದರೆ ಆ ಕಣದಲ್ಲೂ ಟಗರುಗಳನ್ನು ಎರಡು ಹಲ್ಲಿನದು, ನಾಲ್ಕು ಹಲ್ಲಿನದು ಎಂದು ಜೊತೆ ಕೂಡಿಸಿಯೇ ಬಿಡುತ್ತಾರೆ. ಸಮಸಮ ಇದ್ದರೆ, ಎರಡಕ್ಕೂ ಬೇಕಾದದ್ದು ಒಂದೇ ಆಗಿದ್ದರೆ ಮಾತ್ರ ಕಾಳಗವೆಂಬುದು ಕಾಳಗವಾಗುತ್ತದೆಂದು ಪಂದ್ಯ ಕಟ್ಟುವವರಿಗೂ ತಿಳಿದಿದೆ.

ಬೇರೆಬೇರೆ ಜಾತಿಗಳಿಗೆ ಬೇಕಾದದ್ದು ಬೇರೆ. ಕೊಂಡುಕುರಿಯನ್ನೇ ತೆಗೆದುಕೊಳ್ಳಿ. ನಾಲ್ಕು ಕೊಂಬಿನ ಏಕೈಕ ಕಾಡುಪ್ರಾಣಿ, ತೂಕ ಇಪ್ಪತ್ತು ಕಿಲೋ ಆಸುಪಾಸು. ಆಯುಧದ ಲೆಕ್ಕದಲ್ಲಿ ಉಳಿದ ಹುಲ್ಲೆಗಳಿಗಿಂತ ಎರಡು ಪಾಲು ಮುಂದು ಎನ್ನಬೇಕು. ಆದರೆ ಕೊಂಬಿರುವುದು ಗಂಡಿಗೆ ಮಾತ್ರ. ಅವು ಚಿರತೆಯನ್ನು ತಡೆಯಲು ಬೆಳೆದಿದ್ದರೆ ಮರಿ ಹೊತ್ತ ಹೆಣ್ಣಿಗೇ ಮೊದಲು ಬೇಕಿತ್ತಲ್ಲ? ಕಾಟಿಯಲ್ಲಿ ಹೆಣ್ಣಿಗೂ ಕೊಂಬಿದೆ, ಹುಲಿಯ ಎದುರು ಅವು ಕೆಲಸಕ್ಕೂ ಬರುತ್ತವೆ. ಕೊಂಡುಕುರಿಯ ಕೊಂಬು ಇನ್ನೊಂದು ಗಂಡು ಕೊಂಡುಕುರಿಗಾಗಿ. ಚಿರತೆಗೆ ಅದರ ಉತ್ತರ ಹುಲ್ಲಿನಲ್ಲಿ ಅಲ್ಲಾಡದೆ ಅಡಗುವುದು. ಚಿರತೆ ಕಾಣದೆ ಮುಂದೆ ಹೋದರೆ ಕೊಂಡುಕುರಿ ಗೆದ್ದಂತೆ, ಚಿರತೆಗೆ ಅಲ್ಲೊಂದು ಪಂದ್ಯ ನಡೆದದ್ದೂ ತಿಳಿಯುವುದಿಲ್ಲ.

ಬೇಟೆಗಾರರ ನಡುವಿನ ಪೈಪೋಟಿಯೂ ಹೀಗೆಯೇ. ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ನಾಗರಹೊಳೆಯಲ್ಲಿ ಹುಲಿ, ಚಿರತೆ, ಕೆನ್ನಾಯಿಗಳು ಏನೇನು ತಿನ್ನುತ್ತವೆಂದು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದರು. ಹುಲಿಯ ಮುಖ್ಯ ಬೇಟೆಯ ಸರಾಸರಿ ತೂಕ 91 ಕಿಲೋ ದಾಟಿತ್ತು, ಚಿರತೆ ಮತ್ತು ಕೆನ್ನಾಯಿಯದು ನಲವತ್ತರ ಆಚೀಚೆ. ಒಂದೇ ಕಾಡಿನಲ್ಲಿ ಮೂರೂ ಉಳಿದಿರುವುದರಲ್ಲಿ ಈ ಹಂಚಿಕೆಗೆ ದೊಡ್ಡ ಪಾಲಿದೆ. ಹುಲಿ ಸಿಕ್ಕರೆ ಚಿರತೆಯನ್ನು ಕೊಲ್ಲುತ್ತದೆ, ಕೆನ್ನಾಯಿಗಳ ಹಿಂಡು ಬಂದರೆ ಚಿರತೆ ಮರ ಹತ್ತುತ್ತದೆ. ಒಂಟಿ ಕೆನ್ನಾಯಿಯಾದರೆ ಅದೇ ಚಿರತೆಗೆ ಊಟ. ಹೀಗೆ ಹೆಚ್ಚಾಗಿ ಸೋಲುತ್ತ, ತಪ್ಪಿಸಿಕೊಳ್ಳುತ್ತ ಬಂದ ಈ ಚಿರತೆಯೇ ಹುಲಿ ಇಲ್ಲದ ಜಗಳೂರಿನ ಗುಡ್ಡಗಳಲ್ಲೂ ಬದುಕಿದೆ.

ಈ ವಿಚಾರದಲ್ಲಿ ಬೇಲೂರಿನ ಶಿಲ್ಪಿಗಿಂತ ನಮ್ಮ ಜಗಲಿಕಟ್ಟೆಯ ಆಡು-ಹುಲಿ ಆಟ ಕಟ್ಟಿದವನು ಜಾಣ. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಆಡು. ಆಡು ಹುಲಿಯನ್ನು ಕೊಲ್ಲಲಾರದು, ಕೊಲ್ಲಬೇಕಾಗಿಯೂ ಇಲ್ಲ. ಹುಲಿಗೆ ಕದಲಲು ಜಾಗವಿಲ್ಲದಂತೆ ಮಾಡಿದರೆ ಆಡಿನದೇ ಆಟ. ಒಂದೇ ಮಣೆಯಲ್ಲಿ ಎರಡು ಬಗೆಯ ಗೆಲುವು ಇಟ್ಟ ಆಟ ಅದು.

ಕರಡಿಯ ಮಾತಿಗೆ ಬಂದರೆ, ಈ ತಿಳಿವಳಿಕೆ ಜೀವ ಉಳಿಸುವ ಸಂಗತಿಯೂ ಹೌದು. ನಮ್ಮ ಕರಡಿ ಹುಲಿಯ ನೆರೆಯಲ್ಲಿ ಬೆಳೆದುಬಂದ ಜಾತಿ. ಮರ ಹತ್ತಿ ಪಾರಾಗೋಣವೆಂದರೆ ಚಿರತೆಯೂ ಹತ್ತುತ್ತದೆ, ಓಡೋಣವೆಂದರೆ ಹುಲಿ ಅದಕ್ಕಿಂತ ಚುರುಕು. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದೂ ಈ ಭಯಕ್ಕೇ ಇರಬಹುದು. ಹಾಗಾಗಿ ಬಲು ಹತ್ತಿರದಲ್ಲಿ ಥಟ್ಟನೆ ಏನಾದರೂ ಎದುರಾದರೆ ಎದ್ದು ನಿಂತು ಮೇಲೆ ಬೀಳುವುದೇ ಅದರ ಉಪಾಯ. ಹುಲಿ-ಕರಡಿ ಮುಖಾಮುಖಿಗಳಲ್ಲಿ ಬಹುಪಾಲು ಮೈಗೆ ಮೈ ತಾಗದೆ ಮುಗಿಯುವುದು ಈ ಆರ್ಭಟದಿಂದಾಗಿಯೇ. ಕತ್ತಲಿರುವಾಗಲೇ ಹೊಲಕ್ಕೆ ಹೊರಟ ರೈತ ಅದರ ಬೇಟೆಯೂ ಅಲ್ಲ, ವೈರಿಯೂ ಅಲ್ಲ. ಮುಖ ಹುತ್ತದೊಳಗಿಟ್ಟು ಸೊರಸೊರ ಹೀರುತ್ತಿರುವ, ಕಣ್ಣೂ ಅಷ್ಟಾಗಿ ಸೂಕ್ಷ್ಮವಲ್ಲದ ಪ್ರಾಣಿಗೆ ಹತ್ತು ಹೆಜ್ಜೆ ದೂರದಲ್ಲಿ ಎದ್ದ ಆಕಾರ ಹುಲಿಯೋ ಮನುಷ್ಯನೋ ಎಂದು ಯೋಚಿಸಲು ಪುರುಸೊತ್ತಿಲ್ಲ. ಕಂಟಿ ದಟ್ಟವಿದ್ದ ಕಡೆ ಜೋರಾಗಿ ಮಾತಾಡುತ್ತ, ಕೋಲು ಬಡಿಯುತ್ತ ಹೋದರೆ ಅದಕ್ಕೆ ದೂರದಿಂದಲೇ ಸುಳಿವು ಸಿಗುತ್ತದೆ. ಸುಳಿವು ಸಿಕ್ಕ ಕರಡಿ ಸಾಮಾನ್ಯವಾಗಿ ಪಕ್ಕಕ್ಕೆ ಸರಿದು ಇನ್ನೊಂದು ಹುತ್ತ ಹುಡುಕುತ್ತದೆ.