ತೀರ್ಪುಗಾರನನ್ನು ಪ್ರಶ್ನಿಸಬಹುದೆ?

ಟೆನ್ನಿಸ್ಸಿನಲ್ಲಿ ಆಟಗಾರರ ನಡುವೆ ಬಲೆಯಿದೆ, ಸ್ಕ್ವಾಷಿನಲ್ಲಿ ಅದಿಲ್ಲ. ನಾಲ್ಕು ಗೋಡೆಗಳೊಳಗೆ ಇಬ್ಬರೂ ಒಂದೇ ನೆಲದಲ್ಲಿ ಓಡಾಡುವುದರಿಂದ ಒಬ್ಬರಿಗೊಬ್ಬರು ಅಡ್ಡ ಬರುವುದು ಸಹಜ. (ನಮ್ಮ ಕಾಲೇಜಿನಲ್ಲಿ ಈ ಆಟದ ಅಂಗಳವಿಲ್ಲ, ನಾನು ನೋಡಿ ತಿಳಿದವನು.) ಆಗ ಅಡ್ಡಿಗೊಳಗಾದವನು ‘ಲೆಟ್ ಪ್ಲೀಸ್’ ಎಂದು ಕೇಳುತ್ತಾನೆ. ತೀರ್ಪುಗಾರನು ‘ಲೆಟ್’ ಎಂದರೆ ಮತ್ತೆ ಆಟ. ‘ಸ್ಟ್ರೋಕ್’ ಎಂದರೆ ಕೇಳಿದವನಿಗೆ ಅಂಕ. ‘ನೋ ಲೆಟ್’ ಎಂದರೆ ಅಂಕ ಎದುರಾಳಿಗೆ.

ಜಗಳದ ಬೇರು ಇಲ್ಲಿದೆ. ಅಡ್ಡಿಯಿಲ್ಲದಿದ್ದರೆ ಅವನು ಚೆಂಡನ್ನು ಮುಟ್ಟುತ್ತಿದ್ದನೆ? ನಡೆಯದೆ ಹೋದದ್ದರ ಬಗ್ಗೆ ಕ್ಷಣಾರ್ಧದಲ್ಲಿ ತೀರ್ಪು ಕೊಡಬೇಕು! ವೃತ್ತಿಪರ ಪಂದ್ಯಗಳಲ್ಲಿ ವಿಡಿಯೊವನ್ನು ಮರಳಿ ನೋಡುವ ಏರ್ಪಾಡು ಬಂದಿದೆ, ನಿಜ. ಆದರೆ ಕ್ಯಾಮೆರಾ ನಡೆದುದನ್ನು ಮಾತ್ರ ತೋರಿಸೀತು.

‘ತೀರ್ಪುಗಾರನೊಡನೆ ಮಾತೇ ಸಲ್ಲದು’ ಎಂಬ ಹಿರಿಯರ ಮಾತನ್ನು ನಾನು ಒಪ್ಪಲಾರೆ. ಕಾರಣ ಕೇಳುವ ಹಕ್ಕು ಆಟಗಾರನಿಗೆ ಇರಬೇಕು. ಕೇಳಲಿ, ಒಂದು ವಾಕ್ಯದ ಉತ್ತರ ದೊರೆಯಲಿ, ಅಲ್ಲಿಗೆ ಮುಗಿಯಲಿ. ಬೇಕೆಂದೇ ಮೈ ತಾಗಿಸಿ, ಅಂಕಕ್ಕಾಗಿ ಗೋಗರೆಯುವುದು ಪ್ರಶ್ನೆಯಲ್ಲ, ಚೌಕಾಸಿ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸ್ಕ್ವಾಷನ್ನು ಮೊದಲ ಬಾರಿಗೆ ಸೇರಿಸಿಕೊಂಡಿದ್ದಾರೆ. ಈ ನಿರ್ಧಾರವಾದದ್ದು 2023ರಲ್ಲಿ, ನಮ್ಮ ಮುಂಬಯಿಯಲ್ಲಿ. ಆಟದ ಗಂಧಗಾಳಿಯಿಲ್ಲದವರೂ ಅದನ್ನು ನೋಡಲು ಕೂರುತ್ತಾರೆ. ಅವರಿಗೆ ಬರಿಯ ತೀರ್ಪು ಸಾಲದು, ಕಾರಣವೂ ಕೇಳಿಸಬೇಕು.