ಇಸಿಜಿ ನಾರ್ಮಲ್ ಬಂದ್ರೆ ಸಾಕಾ? ಹುಟ್ಟಿನಿಂದಲೇ ರಕ್ತನಾಳ ಸಡಿಲ ಇರುವವರ ಕಥೆಯೇ ಬೇರೆ

ಹಾಸನ: 2025ರ ಮೇ, ಜೂನ್ ತಿಂಗಳಲ್ಲಿ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹಠಾತ್ ಸಾವಿನ ಸುದ್ದಿ ಬಂದಾಗ ಜನ ಮೊದಲು ಓಡಿದ್ದು ಇಸಿಜಿಗೆ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗ್ಗೆಯಿಂದಲೇ ಕ್ಯೂ. 'ಇಸಿಜಿ ನಾರ್ಮಲ್ ಇದೆ' ಅನ್ನಿಸಿಕೊಂಡವರು ಸಮಾಧಾನದಿಂದ ಬಸ್ ಹತ್ತಿದರು.

ಆಮೇಲೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಜಿಲ್ಲೆಯಲ್ಲಿ ಹೃದಯಾಘಾತ ದಿಢೀರ್ ಏರಿಕೆ ಆಗಿಲ್ಲ, ಪರಿಶೀಲಿಸಿದ 24 ಸಾವುಗಳಲ್ಲಿ 4ಕ್ಕೆ ಹೃದಯದ ಸಂಬಂಧವೇ ಇಲ್ಲ ಅಂತ ಅದು ಹೇಳಿತು. ಆದರೆ ಎಲ್ಲ ಪ್ರಕರಣಗಳಲ್ಲೂ ಮರಣೋತ್ತರ ಪರೀಕ್ಷೆ ನಡೆದಿರಲಿಲ್ಲ. ನಮ್ಮ ಕಡೆ ಯಾರಾದರೂ ಎದೆ ಹಿಡಿದುಕೊಂಡು ಬಿದ್ದರೆ 'ಹಾರ್ಟ್ ಅಟ್ಯಾಕ್' ಅಂದು ಅಲ್ಲಿಗೆ ಮಾತು ಮುಗಿಸುತ್ತಾರೆ. ಆ ಒಂದೇ ಮಾತಿನ ಕೆಳಗೆ ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಅದರಲ್ಲಿ ಒಂದು ಇಸಿಜಿಗೆ ಕಾಣುವುದೇ ಇಲ್ಲ.

ಮೈಯೊಳಗಿನ ಎಲುಬು, ಕೀಲು, ಕಣ್ಣಿನ ಮಸೂರ, ರಕ್ತನಾಳದ ಗೋಡೆ, ಇವನ್ನೆಲ್ಲ ಹಿಡಿದು ನಿಲ್ಲಿಸುವುದು ಸಂಯೋಜಕ ಅಂಗಾಂಶ. ಗೋಡೆಗೆ ಸಿಮೆಂಟ್ ಇದ್ದ ಹಾಗೆ. ಕೆಲವರಿಗೆ ಈ ಸಿಮೆಂಟ್ ಹುಟ್ಟಿನಿಂದಲೇ ಸಡಿಲ. ಹೆಚ್ಚು ಗೊತ್ತಿರುವುದು ಮಾರ್ಫಾನ್ ಸಿಂಡ್ರೋಮ್, ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಲೋಯ್ಸ್-ಡೀಟ್ಸ್, ರಕ್ತನಾಳಕ್ಕೇ ತಟ್ಟುವ ಏಲರ್ಸ್-ಡ್ಯಾನ್ಲೋಸ್ ಅನ್ನುವವು ಇನ್ನೂ ಅಪರೂಪ. ಮಾರ್ಫಾನ್, ಲೋಯ್ಸ್-ಡೀಟ್ಸ್ ಇದ್ದ ಹಲವರಲ್ಲಿ ಹೃದಯದಿಂದ ಹೊರಡುವ ಮಹಾಪಧಮನಿಯ ಬುಡ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ ಹೋಗುತ್ತದೆ. ಹಳೇ ಟೈರಿನಲ್ಲಿ ಟ್ಯೂಬ್ ಒಂದು ಕಡೆ ಉಬ್ಬುತ್ತದಲ್ಲ, ಹಾಗೆ. ನೋವಿಲ್ಲ, ಸುಸ್ತಿಲ್ಲ. ಒಂದು ದಿನ ಒಳಪದರ ಸೀಳುತ್ತದೆ.

ಇಸಿಜಿ ತೋರಿಸುವುದು ಹೃದಯದ ಕರೆಂಟ್ ಓಡಾಟವನ್ನು. ಪೈಪ್ ಎಷ್ಟು ದಪ್ಪ ಆಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಎಕೊ ಬೇಕು. ದೊಡ್ಡವರಲ್ಲಿ ಮಹಾಪಧಮನಿಯ ಬುಡ ಸಾಮಾನ್ಯವಾಗಿ 4 ಸೆಂ.ಮೀ. ಒಳಗೇ ಇರುತ್ತದೆ. ಮಾರ್ಫಾನ್ ಇದ್ದವರಲ್ಲಿ 5 ಸೆಂ.ಮೀ. ಮುಟ್ಟಿದರೆ ಆಪರೇಷನ್ ಹೇಳುತ್ತಾರೆ, ಮನೆಯಲ್ಲಿ ಯಾರಿಗಾದರೂ ಸೀಳಿದ್ದರೆ ಅದಕ್ಕೂ ಮೊದಲೇ.

ಇನ್ನು ನಮ್ಮ ತಾಲೂಕು ಆಸ್ಪತ್ರೆಗಳ ವಿಷಯ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವು ಅಂತ ಬಂದವರಿಗೆ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಸಾವಿರಾರು ರೂಪಾಯಿಯ ಔಷಧಿ ಅದು. ಹೆಪ್ಪುಗಟ್ಟಿದ ರಕ್ತ ಕರಗಿಸುತ್ತದೆ. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಬಹುಪಾಲು ಹೃದಯಾಘಾತಕ್ಕೆ ಕಾರಣ ಹೆಪ್ಪೇ, ಇಂಜೆಕ್ಷನ್ ಬೇಗ ಬಿದ್ದಷ್ಟೂ ಜೀವ ಉಳಿಯುತ್ತದೆ.

ಆದರೆ ಹೃದಯಕ್ಕೇ ರಕ್ತ ಕೊಡುವ ಎರಡು ಕರೊನರಿ ನಾಳಗಳು ಹೊರಡುವುದು ಮಹಾಪಧಮನಿಯ ಬುಡದಿಂದಲೇ. ಸೀಳು ಹಿಂದಕ್ಕೆ ಹರಡಿ ಆ ಬಾಯಿಗೆ ಅಡ್ಡ ಬಂದರೆ ಇಸಿಜಿಯಲ್ಲಿ ಥೇಟ್ ಹೃದಯಾಘಾತದ ಗೆರೆಗಳೇ ಮೂಡುತ್ತವೆ. ಆಗ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಸೀಳಿದ ಜಾಗದಿಂದ ರಕ್ತ ನಿಲ್ಲುವುದೇ ಇಲ್ಲ. ಒಬ್ಬರ ಜೀವ ಉಳಿಸುವ ಮದ್ದು ಇನ್ನೊಬ್ಬರ ಜೀವ ತೆಗೆಯಬಹುದು. ಏಲರ್ಸ್-ಡ್ಯಾನ್ಲೋಸ್, ಲೋಯ್ಸ್-ಡೀಟ್ಸ್ ಇದ್ದ ಕೆಲವರಲ್ಲಿ ಕರೊನರಿ ನಾಳವೇ ಸುತ್ತಿಕೊಂಡಿರಬಹುದು, ಉಬ್ಬಬಹುದು, ತಾನಾಗಿ ಸೀಳಲೂಬಹುದು. ಅಲ್ಲಿ ಸ್ಟೆಂಟ್ ಹಾಕಲು ಹೋದರೆ ಸೀಳು ಇನ್ನೂ ದೊಡ್ಡದಾಗುವ ಅಪಾಯ ಇದೆ.

ಡ್ಯೂಟಿ ಡಾಕ್ಟರ್‌ಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ರಾತ್ರಿ ಎರಡು ಗಂಟೆಗೆ, ಹೊರಗೆ ಐವತ್ತು ಜನ ಕೂಗಾಡುತ್ತಿರುವಾಗ, ಮನೆಯವರು ಬಾಯಿ ಬಿಡದಿದ್ದರೆ ಅವರಿಗೆ ಸುಳಿವು ಸಿಗುವುದು ಹೇಗೆ? ನೋವು ಒಮ್ಮೆಲೇ ಸೀಳಿದಂತೆ ಶುರುವಾಗಿ ಬೆನ್ನಿಗೆ ಹೋಯಿತಾ, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೀಗೇ ಯಾರಾದರೂ ತೀರಿಕೊಂಡಿದ್ದಾರಾ, ಇದನ್ನು ಕೇಳುವ ಮೊದಲೇ ಹೇಳಬೇಕು. ಎರಡೂ ಕೈಯ ಬಿಪಿ ಬೇರೆ ಬೇರೆ ಬಂದರೆ ಅದೂ ಸುಳಿವೇ. ಖಚಿತ ಆಗುವುದು ಸಿಟಿ ಸ್ಕ್ಯಾನ್‌ನಲ್ಲಿ.

ಅದಕ್ಕೂ ಮುಂಚೆ ಗುರುತು ಹಿಡಿಯಲು ಆಗಲ್ವಾ? ಮಾರ್ಫಾನ್ ಇದ್ದ ಎಷ್ಟೋ ಜನರನ್ನು ಕಣ್ಣಳತೆಯಲ್ಲೇ ಅನುಮಾನಿಸಬಹುದು. ಮನೆಯವರೆಲ್ಲರಿಗಿಂತ ಎತ್ತರ, ಸಣಕಲು ಮೈ, ಉದ್ದನೆ ಬೆರಳು. ಎದೆ ಗುಳಿ ಬಿದ್ದಿರುತ್ತದೆ ಇಲ್ಲವೇ ಮುಂದಕ್ಕೆ ಬಂದಿರುತ್ತದೆ, ಬೆನ್ನುಮೂಳೆ ಡೊಂಕು, ಚಿಕ್ಕಂದಿನಿಂದಲೇ ದಪ್ಪ ಕನ್ನಡಕ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದರೆ ಅದರ ತುದಿ ಕಿರುಬೆರಳಿನ ಕಡೆಯಿಂದ ಹೊರಗೆ ಇಣುಕುತ್ತದೆ. ಎತ್ತರ 170 ಸೆಂ.ಮೀ. ಇದ್ದು, ಚಾಚಿದ ಕೈಗಳ ಅಳತೆ 179 ದಾಟಿದರೆ ಎಕೊ ಮಾಡಿಸುವುದು ಒಳ್ಳೆಯದು. ಎತ್ತರ ಇರುವವರೆಲ್ಲ ರೋಗಿಗಳಲ್ಲ, ಹೆದರುವುದೂ ಬೇಡ. ಇವು ಎರಡು ಮೂರು ಒಟ್ಟಿಗೆ ಕಂಡರೆ ಮಾತ್ರ ಯೋಚಿಸಬೇಕು.

ಇದು ಸಂಬಂಧದಲ್ಲಿ ಮದುವೆ ಆಗಿದ್ದಕ್ಕೆ ಬರುವುದು ಅಂದುಕೊಂಡವರು ಇದ್ದಾರೆ. ಅದಲ್ಲ. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಶೇ 50, ಹೊರಸಂಬಂಧವಾದರೂ ಅಷ್ಟೇ. ನಾಲ್ವರಲ್ಲಿ ಒಬ್ಬರಿಗೆ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೂ ಬರುತ್ತದೆ. ಬಸುರಿಯರಿಗೆ ಅಪಾಯ ಜಾಸ್ತಿ, ಹಾಗಾಗಿ ಎಕೊ ಮೊದಲೇ ಆಗಿರಬೇಕು.

ಮೆಡಿಕಲ್ ಶಾಪ್‌ನವರು ಗಮನಿಸಬೇಕಾದ್ದೂ ಒಂದಿದೆ. ಜ್ವರ, ಉರಿಮೂತ್ರ, ಭೇದಿ ಅಂದರೆ ಚೀಟಿ ಇಲ್ಲದೆ ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಕೊಡುವ ರೂಢಿ ಇದೆ. ಮಾರ್ಫಾನ್, ಏಲರ್ಸ್-ಡ್ಯಾನ್ಲೋಸ್ ಇರುವವರಿಗೆ, ಮಹಾಪಧಮನಿ ಹಿಗ್ಗಿದವರಿಗೆ ಬೇರೆ ದಾರಿ ಇದ್ದಾಗ ಈ ಗುಂಪಿನ ಮಾತ್ರೆ ಕೊಡಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲೇ ಎಚ್ಚರಿಸಿದೆ.

1972ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಾರ್ಫಾನ್ ರೋಗಿಗಳು ಸರಾಸರಿ 32ನೇ ವಯಸ್ಸಿಗೆ ಸಾಯುತ್ತಿದ್ದರು. ಈಗ ಬಿಪಿ ಹಿಡಿತದಲ್ಲಿಡುವ ಮಾತ್ರೆ, ವರ್ಷಕ್ಕೊಮ್ಮೆ ಎಕೊ, ಸಮಯಕ್ಕೆ ಸರಿಯಾಗಿ ಆಪರೇಷನ್ ಆದರೆ 70ರ ಹತ್ತಿರ ಬದುಕುತ್ತಾರೆ. ಗೊತ್ತಾಗಬೇಕು, ಅಷ್ಟೇ.

ವಾಲಿಬಾಲ್ ಅಂದರೆ ಪ್ರಾಣ ಬಿಡುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ, ಎತ್ತರದವನನ್ನು ನೆಟ್ ಹತ್ತಿರ ನಿಲ್ಲಿಸುತ್ತಾರೆ. ಅಮೆರಿಕದ ಫ್ಲೋ ಹೈಮನ್ ಕೂಡ ಹಾಗೇ ನಿಂತವರು. ಆರಡಿ ಐದಿಂಚು ಎತ್ತರ, 1984ರ ಒಲಿಂಪಿಕ್ಸ್ ಬೆಳ್ಳಿ. 1986ರ ಜನವರಿ 24ರಂದು ಜಪಾನ್‌ನಲ್ಲಿ ಪಂದ್ಯದ ನಡುವೆ ಬೆಂಚಿನಲ್ಲಿ ಕುಳಿತವರು ಹಾಗೇ ಕುಸಿದರು, 31 ವರ್ಷ. ಮೊದಲು ಹೃದಯಾಘಾತ ಅಂದರು. ಮರಣೋತ್ತರ ಪರೀಕ್ಷೆಯಲ್ಲಿ ಮಹಾಪಧಮನಿ ಸೀಳಿದ್ದು, ಮಾರ್ಫಾನ್ ಇದ್ದದ್ದು ಗೊತ್ತಾಯಿತು. ಕೂಡಲೇ ಒಡಹುಟ್ಟಿದವರ ತಪಾಸಣೆ ನಡೆಯಿತು. ತಮ್ಮನಿಗೂ ಅದೇ ಕಾಯಿಲೆ. ಆಪರೇಷನ್ ಆಗಿ ಅವರು ಉಳಿದರು.

ಆಸ್ಪತ್ರೆಯ ಹೊರಗಿನ ಹಠಾತ್ ಸಾವಿಗೆ ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಹಾಸನದ ಘಟನೆಗಳ ನಂತರ ಸರ್ಕಾರ ಹೇಳಿದೆ. 'ಹೋದವರ ಮೈ ಯಾಕೆ ಕೊಯ್ಯಿಸಬೇಕು' ಅನ್ನುವ ಸಂಕಟ ಯಾವ ಮನೆಯಲ್ಲಾದರೂ ಇದ್ದದ್ದೇ. ಆ ಹೊತ್ತಿನಲ್ಲಿ, ಸತ್ತವನಿಗೆ ತಮ್ಮ, ತಂಗಿ, ಮಕ್ಕಳು ಇದ್ದಾರಾ ಅನ್ನುವುದನ್ನು ಹಿರಿಯರೊಬ್ಬರು ಅಲ್ಲೇ ನೆನಪಿಸಬೇಕಾಗುತ್ತದೆ. ಶಾಲಾ ಮಕ್ಕಳ ಹೃದಯ ತಪಾಸಣೆಯ ಮಾತೂ ಬಂದಿದೆ. ಅದು ಬರೀ ಸ್ಟೆತಸ್ಕೋಪ್ ಇಟ್ಟು, ಇಸಿಜಿ ತೆಗೆದು ಮುಗಿದರೆ ಈ ಮಕ್ಕಳು ಮತ್ತೆ ತಪ್ಪಿಹೋಗುತ್ತಾರೆ. ಕೈ ಚಾಚಿಸಿ ಅಳೆಯುವುದಕ್ಕೆ ಬೇಕಾಗಿರುವುದು ಒಂದು ಟೇಪ್, ಅದು ಪ್ರತಿ ಟೈಲರ್ ಅಂಗಡಿಯಲ್ಲೂ ಇದೆ.